ಬೈಸಿಕಲ್ಲಿಗೊಂದು ಆಸರೆ

ಬೆಳಗಿನ ಮಂಜು ಕರಗುವ ಮುನ್ನವೇ ಕರ್ನಾಟಕದ ಹಳ್ಳಿಗಳ ದಾರಿಗಳಲ್ಲಿ ಬೈಸಿಕಲ್ಲಿನ ಗಂಟೆಯ ಸದ್ದು ಕೇಳಿಬರುತ್ತದೆ. ಹಾಲಿನ ಕ್ಯಾನುಗಳನ್ನು ಎರಡು ಬದಿಗೂ ತೂಗುಹಾಕಿಕೊಂಡು ಡೈರಿಗೆ ಹೊರಟ ರೈತ, ಪತ್ರಿಕೆಯ ಕಟ್ಟನ್ನು ಕ್ಯಾರಿಯರಿಗೆ ಬಿಗಿದುಕೊಂಡ ಹುಡುಗ, ಸೊಪ್ಪಿನ ಬುಟ್ಟಿ ಹೊತ್ತ ವ್ಯಾಪಾರಿ, ಪುಸ್ತಕದ ಚೀಲ ಬೆನ್ನಿಗೇರಿಸಿದ ವಿದ್ಯಾರ್ಥಿನಿ—ಇವರೆಲ್ಲರ ಬದುಕಿಗೂ ಈ ಎರಡು ಚಕ್ರಗಳ ವಾಹನ ಆಧಾರವಾಗಿದೆ. ಮೋಟಾರು ವಾಹನಗಳು ಎಷ್ಟೇ ಹೆಚ್ಚಿದರೂ ಎಣ್ಣೆಯನ್ನು ಬೇಡದೆ, ಹೊಗೆಯನ್ನು ಉಗುಳದೆ, ತುಳಿಯುವವರ ಕಾಲಿನ ಬಲದಿಂದಲೇ ನಡೆಯುವ ಬೈಸಿಕಲ್ಲಿನ ಸ್ಥಾನ ಕುಂದಿಲ್ಲ.

ಹಳ್ಳಿಯ ಮಕ್ಕಳ ವಿದ್ಯಾಭ್ಯಾಸಕ್ಕೂ ಬೈಸಿಕಲ್ಲಿಗೂ ಇರುವ ನಂಟು ಬಹಳ ಹತ್ತಿರದ್ದು. ಪ್ರಾಥಮಿಕ ಶಾಲೆ ಊರಿನಲ್ಲಿಯೇ ಇರಬಹುದು. ಪ್ರೌಢಶಾಲೆ ನಾಲ್ಕಾರು ಕಿಲೋಮೀಟರ್ ದೂರದಲ್ಲಿರುತ್ತದೆ. ಆ ದೂರವನ್ನು ನಡೆದೇ ಸವೆಸಬೇಕಾದಾಗ ಎಷ್ಟೋ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಏಳನೆಯ ತರಗತಿಗೇ ಓದನ್ನು ನಿಲ್ಲಿಸುತ್ತಿದ್ದರು. ಇದನ್ನು ಮನಗಂಡು ಕರ್ನಾಟಕ ಸರ್ಕಾರವು 2006-07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಅದರಿಂದ ಲಕ್ಷಾಂತರ ಮಕ್ಕಳಿಗೆ ಶಾಲೆಯ ದಾರಿ ಹತ್ತಿರವಾಯಿತು.

ಆದರೆ ವಾಹನವೊಂದು ಮನೆಗೆ ಬಂದರೆ ಸಾಲದು. ಅದು ನಡೆಯುತ್ತಲೇ ಇರಬೇಕು. ಚೈನು ಕಳಚಿತು, ಚಕ್ರ ಡೊಂಕಾಯಿತು, ಬ್ರೇಕು ಹಿಡಿಯದಾಯಿತು ಎಂಬ ಸಣ್ಣ ಕಾರಣಗಳಿಗಾಗಿ ಬೈಸಿಕಲ್ಲು ಹಿತ್ತಲಿನ ಗೋಡೆಗೆ ಒರಗುತ್ತದೆ. ರಿಪೇರಿಯ ಅಂಗಡಿ ಪಕ್ಕದ ಊರಿನಲ್ಲಿರುತ್ತದೆ. ಅಲ್ಲಿಯವರೆಗೆ ತಳ್ಳಿಕೊಂಡು ಹೋಗಲು ಮನೆಯವರಿಗೆ ಬಿಡುವಿರುವುದಿಲ್ಲ. ಇಂದು ನಾಳೆ ಎನ್ನುತ್ತ ವಾರಗಳು ಕಳೆಯುತ್ತವೆ. ಮಳೆ ಬೀಳುತ್ತದೆ, ತುಕ್ಕು ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸದಿಂದ ಸರಿಯಾಗಬಹುದಾಗಿದ್ದ ಬೈಸಿಕಲ್ಲು ಹಳೆಯ ಕಬ್ಬಿಣದವನ ಪಾಲಾಗುತ್ತದೆ. ಅದರೊಡನೆ ಒಬ್ಬ ಹುಡುಗನ ಅಥವಾ ಹುಡುಗಿಯ ಶಾಲೆಯ ಹಾದಿಯೂ ಮತ್ತೆ ದೂರವಾಗುತ್ತದೆ.

ಹಾಗಾದರೆ ಬೈಸಿಕಲ್ಲಿನ ರಿಪೇರಿ ಅಷ್ಟು ಕಠಿಣವಾದ ವಿದ್ಯೆಯೇ? ಖಂಡಿತವಾಗಿಯೂ ಅಲ್ಲ. ಮನುಷ್ಯನು ನಿರ್ಮಿಸಿದ ಯಂತ್ರಗಳಲ್ಲಿ ಇಷ್ಟು ಪ್ರಾಮಾಣಿಕವಾದ ಯಂತ್ರ ಮತ್ತೊಂದಿಲ್ಲವೆಂದರೆ ತಪ್ಪಾಗದು. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ನೆಲವನ್ನು ಕಾಲಿನಿಂದ ಒದ್ದು ಓಡಿಸುವ ಎರಡು ಚಕ್ರದ ಬಂಡಿಯನ್ನು ರೂಪಿಸಿದನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಸಮನಾದ ಚಕ್ರಗಳೂ ಹಿಂದಿನ ಚಕ್ರವನ್ನು ಎಳೆಯುವ ಚೈನೂ ಉಳ್ಳ ಬೈಸಿಕಲ್ಲನ್ನು ಬಳಕೆಗೆ ತಂದನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಅದಕ್ಕೆ ಒದಗಿಸಿದನು. ಅಂದಿನಿಂದ ಇಂದಿನವರೆಗೆ ಅದರ ಮೂಲರೂಪ ಹೆಚ್ಚು ಬದಲಾಗಿಲ್ಲ. ಕಾರಿನ ಯಂತ್ರ ಮುಚ್ಚಳದೊಳಗೆ ಅಡಗಿರುತ್ತದೆ. ಗಡಿಯಾರದ ಯಂತ್ರ ಡಬ್ಬಿಯೊಳಗೆ ಕುಳಿತಿರುತ್ತದೆ. ಬೈಸಿಕಲ್ಲು ಮಾತ್ರ ತನ್ನ ಬಹುಪಾಲು ಅಂಗಗಳನ್ನು ಕಣ್ಣೆದುರಿಗೇ ತೆರೆದಿಟ್ಟಿದೆ. ಯಾವುದು ಯಾವುದನ್ನು ಎಳೆಯುತ್ತದೆ, ಯಾವುದು ಯಾವುದನ್ನು ತಡೆಯುತ್ತದೆ ಎಂಬುದನ್ನು ನೋಡಿಯೇ ತಿಳಿಯಬಹುದು. ಒಂದೆರಡು ಸ್ಪ್ಯಾನರು, ಒಂದು ಇಕ್ಕಳ, ಒಂದು ತಿರುಪುಳಿ, ಸ್ವಲ್ಪ ಎಣ್ಣೆ—ಇಷ್ಟರಿಂದಲೇ ಬಹಳಷ್ಟು ಕೆಲಸಗಳು ಸಾಗುತ್ತವೆ.

ಇಷ್ಟು ಸರಳವಾದ ಯಂತ್ರವನ್ನು ಮನೆಯಲ್ಲಿ ರಿಪೇರಿ ಮಾಡಲು ಜನರು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಬೇರೊಂದಿದೆ. ಬೈಸಿಕಲ್ಲು ಸುಮ್ಮನೆ ನಿಲ್ಲುವ ವಸ್ತುವಲ್ಲ. ಓಡುತ್ತಿರುವಾಗ ನೆಟ್ಟಗಿರುವ ಅದು ನಿಂತೊಡನೆ ಒಂದು ಕಡೆಗೆ ವಾಲುತ್ತದೆ. ಗೋಡೆಗೆ ಒರಗಿಸಿದರೆ ಚಕ್ರ ತಿರುಗುವುದಿಲ್ಲ. ಅದರದೇ ಸ್ಟ್ಯಾಂಡನ್ನು ಹಾಕಿದರೆ ಹಿಂದಿನ ಚಕ್ರ ಮಾತ್ರ ನೆಲದಿಂದ ನಾಲ್ಕು ಬೆರಳು ಮೇಲೇಳುತ್ತದೆ. ಮುಂದಿನ ಚಕ್ರ ನೆಲದಲ್ಲಿಯೇ ಉಳಿಯುತ್ತದೆ. ಒಂದು ಕೈಯಿಂದ ಬೈಸಿಕಲ್ಲನ್ನು ಹಿಡಿದು, ಮತ್ತೊಂದು ಕೈಯಿಂದ ಸ್ಪ್ಯಾನರು ತಿರುಗಿಸುತ್ತ, ಮಂಡಿಯೂರಿ ತಲೆ ಬಾಗಿಸಿ ನೋಡುವವನಿಗೆ ಕೆಲಸಕ್ಕಿಂತ ಹಿಡಿಯುವ ಪಾಡೇ ದೊಡ್ಡದಾಗುತ್ತದೆ.

ಬಹಳ ಮಂದಿ ಅನುಸರಿಸುವ ಉಪಾಯವೆಂದರೆ ಬೈಸಿಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುವುದು. ಸೀಟು ಮತ್ತು ಹ್ಯಾಂಡಲುಗಳ ಮೇಲೆ ಭಾರ ಹೊತ್ತು ಅದು ನಿಲ್ಲುವುದೇನೋ ನಿಜ. ಎರಡು ಚಕ್ರಗಳೂ ತಿರುಗುತ್ತವೆ. ದಾರಿಯಲ್ಲಿ ಪಂಕ್ಚರ್ ಆದಾಗ ಇದಕ್ಕಿಂತ ಬೇರೆ ಮಾರ್ಗವೂ ಇರುವುದಿಲ್ಲ. ಆದರೆ ಈ ಭಂಗಿಯಲ್ಲಿ ಗಂಟೆ, ದೀಪ, ಬ್ರೇಕಿನ ಹಿಡಿಗಳು ನೆಲಕ್ಕೆ ಒತ್ತಿ ಹಾಳಾಗುತ್ತವೆ. ಸೀಟು ಹರಿಯುತ್ತದೆ. ಬಲಗಡೆ ಇದ್ದ ಚೈನು ಎಡಗಡೆಗೆ ಬಂದಂತೆ ಕಂಡು ಹೊಸಬರಿಗೆ ಗೊಂದಲವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸ ಮಾಡುವವರ ಬೆನ್ನು ಬಾಗಿಯೇ ಇರುತ್ತದೆ.

ಈ ತೊಂದರೆಗೆ ಊರಿನ ಸೈಕಲ್ ಅಂಗಡಿಯವರು ಬಹು ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ. ಅಂಗಡಿಯ ಮುಂದಿನ ತೊಲೆಯಿಂದ ಎರಡು ಸರಪಣಿಗಳೋ ಹಗ್ಗಗಳೋ ಇಳಿಬಿದ್ದಿರುತ್ತವೆ. ಅವುಗಳ ತುದಿಗೆ ಕಬ್ಬಿಣದ ಕೊಕ್ಕೆಗಳಿರುತ್ತವೆ. ಒಂದನ್ನು ಸೀಟಿನ ಕೆಳಗೆ, ಮತ್ತೊಂದನ್ನು ಹ್ಯಾಂಡಲಿನ ಕತ್ತಿಗೆ ಸಿಕ್ಕಿಸಿದರೆ ಬೈಸಿಕಲ್ಲು ಗಾಳಿಯಲ್ಲಿ ತೂಗುತ್ತದೆ. ನಗರಗಳಲ್ಲಿ, ದೊಡ್ಡ ಪಂದ್ಯಗಳಲ್ಲಿ, ಬೈಸಿಕಲ್ಲಿನ ಕೊಳವೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಉಕ್ಕಿನ ಸ್ಟ್ಯಾಂಡುಗಳನ್ನು ಬಳಸುತ್ತಾರೆ. ಅವು ಬೆಲೆಯುಳ್ಳ ವಸ್ತುಗಳು. ಆದರೆ ತೊಲೆಯ ಹಗ್ಗಕ್ಕೂ ಉಕ್ಕಿನ ಸ್ಟ್ಯಾಂಡಿಗೂ ತತ್ತ್ವ ಒಂದೇ: ಬೈಸಿಕಲ್ಲನ್ನು ನೆಲದಿಂದ ಮೇಲಕ್ಕೆತ್ತಬೇಕು, ಎರಡು ಚಕ್ರಗಳೂ ಪೆಡಲುಗಳೂ ತಡೆಯಿಲ್ಲದೆ ತಿರುಗಬೇಕು, ಮಾಡುವವರ ಎರಡು ಕೈಗಳೂ ಬಿಡುವಾಗಿರಬೇಕು. ಈ ಮೂರು ನಿಯಮಗಳನ್ನು ಪಾಲಿಸುವ ಯಾವುದೇ ರಚನೆಯೂ ದುರಸ್ತಿ ಸ್ಟ್ಯಾಂಡೇ ಸರಿ. ಅದನ್ನು ಮನೆಯಲ್ಲಿರುವ ಸಾಮಗ್ರಿಯಿಂದಲೇ ರೂಪಿಸಬಹುದು.

ಎಲ್ಲಕ್ಕಿಂತ ಸುಲಭವಾದುದು ಮರದ ಕೊಂಬೆ. ಮನೆಯ ಮುಂದೆ ಬೇವಿನ ಮರವೋ ಹುಣಿಸೆಯ ಮರವೋ ಇದ್ದು, ಅದರ ಗಟ್ಟಿಯಾದ ಕೊಂಬೆಯೊಂದು ಅಡ್ಡಲಾಗಿ ಚಾಚಿಕೊಂಡಿದ್ದರೆ, ಎರಡು ಹಗ್ಗಗಳನ್ನು ಸುಮಾರು 70 ಸೆಂಟಿಮೀಟರ್ ಅಂತರದಲ್ಲಿ ಕಟ್ಟಿದರೆ ಸಾಕು. ಹಳೆಯ ಮನೆಗಳಲ್ಲಿ ಜಗಲಿಯ ತೊಲೆಯೂ ಈ ಕೆಲಸಕ್ಕೆ ಒದಗುತ್ತದೆ. ಆದರೆ ಹೆಂಚನ್ನು ಹೊತ್ತ ತೆಳುವಾದ ಪಟ್ಟಿಗಳಿಗೆ ಎಂದಿಗೂ ಭಾರ ಕಟ್ಟಬಾರದು.

ಮರವೂ ತೊಲೆಯೂ ಇಲ್ಲದ ಕಡೆ ಬಿದಿರಿನ ಸ್ಟ್ಯಾಂಡನ್ನು ಕಟ್ಟಿಕೊಳ್ಳಬಹುದು. ಇದಕ್ಕೆ ಬೇಕಾದ ವಸ್ತುಗಳು ಕೆಲವೇ: 2 ಮೀಟರ್ ಉದ್ದದ ನಾಲ್ಕು ಕಾಲುಬೊಂಬುಗಳು, 2.5 ಮೀಟರ್ ಉದ್ದದ ಒಂದು ದಪ್ಪನೆಯ ಅಡ್ಡಬೊಂಬು, 3 ಮೀಟರ್ ಉದ್ದದ ಒಂದು ಓರೆಬೊಂಬು, ತೆಂಗಿನ ನಾರಿನ ಹಗ್ಗ, ಬೈಸಿಕಲ್ಲಿನ ಒಂದೆರಡು ಹಳೆಯ ಟ್ಯೂಬುಗಳು. ಬಿದಿರು ಸಿಗದ ಊರುಗಳಲ್ಲಿ ಸರ್ವೆಯ ಗಳಗಳನ್ನು ಬಳಸಬಹುದು. ಬೊಂಬುಗಳು ಒಣಗಿದವಾಗಿರಬೇಕು, ಸೀಳು ಬಿಟ್ಟಿರಬಾರದು, ಹುಳು ಹಿಡಿದಿರಬಾರದು. ಕಾಲುಬೊಂಬುಗಳು 4-5 ಸೆಂಟಿಮೀಟರ್, ಅಡ್ಡಬೊಂಬು 6 ಸೆಂಟಿಮೀಟರ್ ದಪ್ಪವಿದ್ದರೆ ಒಳ್ಳೆಯದು.

ಕಟ್ಟುವ ಕ್ರಮವನ್ನು ತಿಳಿಯುವ ಮೊದಲು ಅದರ ಹಿಂದಿನ ತತ್ತ್ವವನ್ನು ಅರಿಯಬೇಕು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ದಾರದಿಂದ ಕಟ್ಟಿ ಚೌಕವೊಂದನ್ನು ಮಾಡಿ, ಅದರ ಒಂದು ಮೂಲೆಯನ್ನು ಒತ್ತಿದರೆ ಚೌಕವು ವಾಲಿ ಓರೆಯಾಗುತ್ತದೆ. ಮೂರು ಕಡ್ಡಿಗಳನ್ನು ಕಟ್ಟಿ ತ್ರಿಕೋನ ಮಾಡಿ ಒತ್ತಿದರೆ ಅದು ಜಗ್ಗುವುದಿಲ್ಲ. ಮೂರು ಬಾಹುಗಳ ಉದ್ದ ನಿಶ್ಚಿತವಾದ ಮೇಲೆ ತ್ರಿಕೋನಕ್ಕೆ ಒಂದೇ ಆಕಾರ ಸಾಧ್ಯ. ಬಾಹು ಮುರಿಯದೆ ಅದರ ಆಕಾರ ಬದಲಾಗದು. ರೈಲು ಸೇತುವೆಗಳಲ್ಲಿಯೂ ಹೆಂಚಿನ ಮನೆಯ ಮಾಡಿನಲ್ಲಿಯೂ ತ್ರಿಕೋನಗಳು ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ. ಅಷ್ಟೇಕೆ, ಬೈಸಿಕಲ್ಲಿನ ಚೌಕಟ್ಟನ್ನೇ ಗಮನಿಸಿದರೆ ಸೀಟಿನ ಕೊಳವೆಯ ಹಿಂದೆ ಒಂದು ತ್ರಿಕೋನ, ಅದರ ಮುಂದೆ ತ್ರಿಕೋನವನ್ನೇ ಹೋಲುವ ಮತ್ತೊಂದು ಆಕೃತಿ ಕಾಣುತ್ತವೆ. ಸುಮಾರು 20 ಕಿಲೋಗ್ರಾಂ ತೂಕದ ಹಳೆಯ ಮಾದರಿಯ ಬೈಸಿಕಲ್ಲು ತನಗಿಂತ ಹಲವು ಪಟ್ಟು ಭಾರವನ್ನು ಹೊರುವ ಗುಟ್ಟು ಅಲ್ಲಿದೆ. ಬೈಸಿಕಲ್ಲಿನಿಂದ ಕಲಿತ ಪಾಠವನ್ನು ಬೈಸಿಕಲ್ಲಿನ ಸ್ಟ್ಯಾಂಡಿಗೂ ಅನ್ವಯಿಸಬೇಕು.

ಮೊದಲು ಎರಡು ಕಾಲುಬೊಂಬುಗಳನ್ನು ಜೊತೆಯಾಗಿ ಮಲಗಿಸಿ, ಮೇಲಿನ ತುದಿಯಿಂದ 20 ಸೆಂಟಿಮೀಟರ್ ಕೆಳಗೆ ಅವನ್ನು ಹಗ್ಗದಿಂದ ಸುತ್ತಿ ಕಟ್ಟಬೇಕು. ಬಿದಿರಿನ ಗೆಣ್ಣಿನ ಪಕ್ಕದಲ್ಲಿ ಕಟ್ಟಿದರೆ ಹಗ್ಗ ಜಾರುವುದಿಲ್ಲ. ಹಗ್ಗದ ಮೇಲೆ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಚೆನ್ನಾಗಿ ಎಳೆದು ಸುತ್ತಿದರೆ ರಬ್ಬರು ತಾನಾಗಿಯೇ ಬಿಗಿಯುತ್ತ ಹೋಗುತ್ತದೆ. ಅನಂತರ ಬುಡಗಳನ್ನು 1 ಮೀಟರ್ ಅಂತರಕ್ಕೆ ಅಗಲಿಸಬೇಕು. ಆಗ ಅವು ತೆರೆದ ಕತ್ತರಿಯ ಆಕಾರ ತಾಳುತ್ತವೆ. ಬುಡಗಳು ಇನ್ನೂ ಅಗಲವಾಗಿ ಜಾರದಂತೆ ಅವುಗಳ ನಡುವೆ ಒಂದು ಹಗ್ಗವನ್ನು ಬಿಗಿಯಾಗಿ ಕಟ್ಟಬೇಕು. ಎರಡು ಬೊಂಬು, ಒಂದು ಹಗ್ಗ—ತ್ರಿಕೋನವೊಂದು ಪೂರ್ಣವಾಯಿತು. ಇದೇ ರೀತಿ ಉಳಿದ ಎರಡು ಬೊಂಬುಗಳಿಂದ ಇನ್ನೊಂದು ಕತ್ತರಿಯನ್ನು ಸಿದ್ಧಗೊಳಿಸಬೇಕು.

ಈ ಕತ್ತರಿಯ ಎತ್ತರವೆಷ್ಟು? ಅದನ್ನು ಅಳೆಯದೆಯೇ ಹೇಳಬಹುದು. ಕಟ್ಟಿನಿಂದ ಬುಡದವರೆಗೆ ಬೊಂಬಿನ ಉದ್ದ 1.8 ಮೀಟರ್, ಬುಡಗಳ ಅಂತರದ ಅರ್ಧ 0.5 ಮೀಟರ್. ಪೈಥಾಗೊರಸನ ಪ್ರಮೇಯದಂತೆ 1.8ರ ವರ್ಗ 3.24ರಿಂದ 0.5ರ ವರ್ಗ 0.25ನ್ನು ಕಳೆದರೆ 2.99 ಉಳಿಯುತ್ತದೆ. ಅದರ ವರ್ಗಮೂಲ ಸುಮಾರು 1.73. ಎಂದರೆ ಅಡ್ಡಬೊಂಬು ನೆಲದಿಂದ ಸುಮಾರು 1.73 ಮೀಟರ್ ಎತ್ತರದಲ್ಲಿ ಕೂರುತ್ತದೆ. ಕಪ್ಪು ಹಲಗೆಯ ಮೇಲೆ ಕಲಿತ ಗಣಿತವು ಅಂಗಳದ ಬಿದಿರಿಗೆ ಹೀಗೆ ನೆರವಾಗುತ್ತದೆ.

ಈಗ ಎರಡು ಕತ್ತರಿಗಳನ್ನೂ 2.2 ಮೀಟರ್ ದೂರದಲ್ಲಿ ನಿಲ್ಲಿಸಿ, ಅವುಗಳ ಮೇಲಿನ ಕವಲುಗಳಲ್ಲಿ ಅಡ್ಡಬೊಂಬನ್ನು ಕೂರಿಸಿ ಬಿಗಿದು ಕಟ್ಟಬೇಕು. ಇಷ್ಟು ದೂರವಿದ್ದರೆ ಬೈಸಿಕಲ್ಲು ಅವುಗಳ ನಡುವೆ ನಿರಾಯಾಸವಾಗಿ ಹಿಡಿಯುತ್ತದೆ. ಆದರೆ ಕೆಲಸ ಇಲ್ಲಿಗೇ ಮುಗಿಯಲಿಲ್ಲ. ಉದ್ದದ ದಿಕ್ಕಿನಲ್ಲಿ ನೋಡಿದರೆ ಈ ರಚನೆ ಇನ್ನೂ ಚೌಕವೇ. ಒಂದು ಕಡೆಯಿಂದ ತಳ್ಳಿದರೆ ಮಡಚಿಕೊಂಡು ಬೀಳುತ್ತದೆ. ಇದನ್ನು ತಪ್ಪಿಸಲು ಹಿಂಬದಿಯಲ್ಲಿ, ಒಂದು ಕತ್ತರಿಯ ಬುಡದಿಂದ ಇನ್ನೊಂದು ಕತ್ತರಿಯ ತಲೆಯವರೆಗೆ ಓರೆಬೊಂಬನ್ನು ಕಟ್ಟಬೇಕು. ಚೌಕವು ಎರಡು ತ್ರಿಕೋನಗಳಾಗಿ ಒಡೆಯುತ್ತದೆ, ಅಲುಗಾಟ ನಿಲ್ಲುತ್ತದೆ. ಮುಂಬದಿ ಕೆಲಸಕ್ಕೆ ತೆರೆದೇ ಇರುತ್ತದೆ.

ಬೈಸಿಕಲ್ಲನ್ನು ನೇತುಹಾಕುವ ಮುನ್ನ ಸ್ಟ್ಯಾಂಡಿನ ಬಲವನ್ನು ಪರೀಕ್ಷಿಸುವುದು ಅಗತ್ಯ. ಬೈಸಿಕಲ್ಲಿನ ಎರಡರಷ್ಟು, ಎಂದರೆ ಸುಮಾರು 40 ಕಿಲೋಗ್ರಾಂ ತೂಕದ ಮರಳಿನ ಚೀಲವನ್ನು ಅಡ್ಡಬೊಂಬಿನ ನಡುವೆ ಒಂದು ಗಂಟೆಯ ಕಾಲ ತೂಗುಹಾಕಬೇಕು. ಕಟ್ಟುಗಳು ಸಡಿಲವಾಗದೆ, ಬೊಂಬು ಚಿಟಿಲ್ಲೆನ್ನದೆ ಉಳಿದರೆ ಅದನ್ನು ನಂಬಬಹುದು.

ಅಡ್ಡಬೊಂಬಿನಿಂದ ಎರಡು ಹಗ್ಗಗಳನ್ನು ಇಳಿಬಿಟ್ಟು ತುದಿಯಲ್ಲಿ ಕುಣಿಕೆಗಳನ್ನು ಹಾಕಬೇಕು. ಒಂದು ಕುಣಿಕೆ ಸೀಟಿನ ಅಡಿಯಲ್ಲಿ ಅದರ ಕಂಬವನ್ನು ಬಳಸಿ ಹೋಗಬೇಕು. ಇನ್ನೊಂದು ಹ್ಯಾಂಡಲಿನ ಕತ್ತನ್ನು ಎರಡು ಕಡೆಯಿಂದಲೂ ಹಿಡಿಯಬೇಕು. ಬ್ರೇಕಿನ ತಂತಿ ಅಥವಾ ಕಂಬಿಗಳ ಮೇಲೆ ಹಗ್ಗ ಒತ್ತಬಾರದು. ಮೇಲಿನ ಅಡ್ಡಕೊಳವೆಯಿಲ್ಲದ, ಹೆಣ್ಣುಮಕ್ಕಳ ಬೈಸಿಕಲ್ಲುಗಳಿಗೂ ಈ ವಿಧಾನ ಹೊಂದುತ್ತದೆ. ಓರೆಬೊಂಬಿನ ಕೆಳತುದಿ ಇರುವ ಕಡೆಗೆ ಹ್ಯಾಂಡಲು ಬರುವಂತೆ ತೂಗುಹಾಕಿದರೆ ಹ್ಯಾಂಡಲು ಬೊಂಬಿಗೆ ತಗಲುವುದಿಲ್ಲ. ಇಬ್ಬರು ಸೇರಿ ಬೈಸಿಕಲ್ಲನ್ನು ಎತ್ತಿ, ಚಕ್ರಗಳು ನೆಲದಿಂದ ಸುಮಾರು 40 ಸೆಂಟಿಮೀಟರ್ ಮೇಲಿರುವಂತೆ ಹಗ್ಗಗಳನ್ನು ಸರಿಪಡಿಸಬೇಕು. ಆಗ ಚಕ್ರದ ನಡುಭಾಗವು ಮಣೆಯ ಮೇಲೆ ಕುಳಿತವರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ತೂಗಾಟ ಹೆಚ್ಚೆನಿಸಿದರೆ ಪೆಡಲಿನ ಹತ್ತಿರದ ಕೊಳವೆಯಿಂದ ಎರಡು ಬದಿಯ ಕಾಲುಬೊಂಬುಗಳಿಗೂ ರಬ್ಬರಿನ ಪಟ್ಟಿಗಳನ್ನು ಎಳೆದು ಕಟ್ಟಬಹುದು. ಬಹಳ ಬಿಗಿಯಾದ ನಟ್ಟುಗಳನ್ನು ಮಾತ್ರ ಬೈಸಿಕಲ್ಲು ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿಕೊಳ್ಳಬೇಕು.

ಬೈಸಿಕಲ್ಲು ಹೀಗೆ ಮೇಲೇರಿದ ಕ್ಷಣದಿಂದ ಒಂದು ವಿಶೇಷ ನಡೆಯುತ್ತದೆ. ಅದುವರೆಗೆ ಮೂಕವಾಗಿದ್ದ ಯಂತ್ರ ಮಾತನಾಡತೊಡಗುತ್ತದೆ. ಮುಕ್ತವಾಗಿ ತಿರುಗುವ ಚಕ್ರವು ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ. ಅದನ್ನು ಕೇಳುವ ತಾಳ್ಮೆ ಬೇಕು, ಅಷ್ಟೆ.

ಮುಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಬೇಕು. ಒಳಗಿನ ಗುಂಡುಗಳು ಚೆನ್ನಾಗಿದ್ದರೆ ಚಕ್ರವು ಬಹಳ ಹೊತ್ತು ಸದ್ದಿಲ್ಲದೆ ತಿರುಗಿ, ಕೊನೆಗೆ ಭಾರವಾದ ಭಾಗ ಕೆಳಕ್ಕೆ ಬಂದು, ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗಿ ನಿಲ್ಲುತ್ತದೆ. ಹಾಗಲ್ಲದೆ ತಟಕ್ಕನೆ ನಿಂತರೆ ಬಿಗಿ ಹೆಚ್ಚಾಗಿದೆ ಅಥವಾ ಗ್ರೀಸು ಒಣಗಿದೆ ಎಂದರ್ಥ. ಗರಗರ ಸದ್ದು ಬಂದರೆ ಗುಂಡು ಸವೆದಿದೆ ಅಥವಾ ಧೂಳು ಸೇರಿದೆ. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಲಟಲಟನೆ ಆಡಿದರೆ ಬಿಗಿ ಸಾಲದು.

ಚಕ್ರದ ಡೊಂಕನ್ನು ಕಂಡುಹಿಡಿಯುವುದು ಇನ್ನೂ ಸ್ವಾರಸ್ಯವಾದುದು. ಫೋರ್ಕಿಗೆ ಕೈಯನ್ನು ಊರಿ, ಸೀಮೆಸುಣ್ಣದ ತುಂಡೊಂದನ್ನು ರಿಮ್ಮಿನ ಪಕ್ಕಕ್ಕೆ ಕೂದಲೆಳೆಯಷ್ಟು ಹತ್ತಿರ ಹಿಡಿದು ಚಕ್ರವನ್ನು ತಿರುಗಿಸಬೇಕು. ಎಲ್ಲಿ ರಿಮ್ಮು ಹೊರಕ್ಕೆ ಬಾಗಿದೆಯೋ ಅಲ್ಲಿ ಮಾತ್ರ ಸುಣ್ಣದ ಗೆರೆ ಮೂಡುತ್ತದೆ. ಹಳೆಯ ಮಾದರಿಯ ಬೈಸಿಕಲ್ಲಿನ ಮುಂದಿನ ಚಕ್ರದಲ್ಲಿ 32, ಹಿಂದಿನ ಚಕ್ರದಲ್ಲಿ 40 ಕಡ್ಡಿಗಳಿರುತ್ತವೆ. ಅವುಗಳಲ್ಲಿ ಅರ್ಧ ಹಬ್‌ನ ಬಲ ಅಂಚಿನಿಂದ, ಉಳಿದರ್ಧ ಎಡ ಅಂಚಿನಿಂದ ಹೊರಟು ರಿಮ್ಮನ್ನು ಸಮನಾಗಿ ಎಳೆದು ಹಿಡಿದಿರುತ್ತವೆ. ಹಗ್ಗ ಜಗ್ಗುವ ಆಟದಲ್ಲಿ ಎರಡು ತಂಡಗಳೂ ಸಮಬಲವಾಗಿದ್ದರೆ ಹಗ್ಗದ ನಡುಗುರುತು ಅಲುಗದಿರುವಂತೆಯೇ ಇದು. ಒಂದು ಬದಿಯ ಕಡ್ಡಿ ಸಡಿಲವಾದರೆ ರಿಮ್ಮು ಮತ್ತೊಂದು ಬದಿಗೆ ಸರಿಯುತ್ತದೆ. ಆದುದರಿಂದ ಬಲಕ್ಕೆ ಬಾಗಿದ ಕಡೆಯಲ್ಲಿ ಎಡ ಅಂಚಿನ ಕಡ್ಡಿಗಳನ್ನು ಸ್ವಲ್ಪ ಬಿಗಿಗೊಳಿಸಿ, ಬಲ ಅಂಚಿನವನ್ನು ಅಷ್ಟೇ ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಚಕ್ರ ಸುತ್ತಿಸಿ, ನೋಡಿ, ಮತ್ತೆ ತಿರುಗಿಸಬೇಕು. ಅವಸರ ಮಾಡಿದವರ ಕೈಯಲ್ಲಿ ಚಕ್ರವು ಮೊದಲಿಗಿಂತ ಹೆಚ್ಚು ಡೊಂಕಾಗುತ್ತದೆ.

ಚೈನಿನ ಪರೀಕ್ಷೆಯೂ ಹೀಗೆಯೇ. ಎರಡು ಹಲ್ಲುಚಕ್ರಗಳ ನಡುವೆ ಚೈನನ್ನು ಬೆರಳಿನಿಂದ ಒತ್ತಿದರೆ ಅದು 1ರಿಂದ 1.5 ಸೆಂಟಿಮೀಟರಿನಷ್ಟು ಬಳುಕಬೇಕು. ಹೆಚ್ಚು ಬಳುಕಿದರೆ ಕಳಚಿ ಬೀಳುತ್ತದೆ. ಬಳುಕದಿದ್ದರೆ ತುಳಿಯುವವರ ಬಲವನ್ನು ವ್ಯರ್ಥವಾಗಿ ತಿನ್ನುತ್ತದೆ. ಪೆಡಲನ್ನು ತಿರುಗಿಸುತ್ತ ನಾಲ್ಕಾರು ಕಡೆ ಒತ್ತಿ ನೋಡಿದ ಮೇಲೆಯೇ ಹಿಂದಿನ ಚಕ್ರವನ್ನು ಸರಿಸಿ ಬಿಗಿಯನ್ನು ಹೊಂದಿಸಬೇಕು. ಪೆಡಲನ್ನು ಹಿಂದಕ್ಕೆ ಸುತ್ತುತ್ತ ಚೈನಿನ ಒಳಬದಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಅನಂತರ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಹೆಚ್ಚಾದರೆ ಧೂಳು ಅಂಟಿ, ಅರಗೊಲಿನಂತೆ ಚೈನನ್ನು ಸವೆಸುತ್ತದೆ. ಬ್ರೇಕಿನ ರಬ್ಬರುಗಳು ರಿಮ್ಮಿಗೆ 2-3 ಮಿಲಿಮೀಟರ್ ದೂರದಲ್ಲಿವೆಯೇ, ಹಿಡಿ ಒತ್ತಿದಾಗ ಎರಡೂ ಒಟ್ಟಿಗೆ ತಗಲುತ್ತವೆಯೇ ಎಂಬುದನ್ನೂ ಚಕ್ರ ತಿರುಗುತ್ತಿರುವಾಗಲೇ ತಿಳಿಯಬೇಕು.

ಕೆಲವು ಎಚ್ಚರಿಕೆಗಳನ್ನು ಮರೆಯಲಾಗದು. ತಿರುಗುವ ಕಡ್ಡಿಗಳ ನಡುವೆ, ಚೈನು ಮತ್ತು ಹಲ್ಲುಗಳ ನಡುವೆ ಬೆರಳಿಡಬಾರದು. ಜಡೆ, ಸೆರಗು, ದುಪಟ್ಟಾ ಮತ್ತು ಸಡಿಲವಾದ ತೋಳುಗಳನ್ನು ಕಟ್ಟಿಕೊಳ್ಳಬೇಕು. ಚಿಕ್ಕ ಮಕ್ಕಳು ಸ್ಟ್ಯಾಂಡನ್ನು ಉಯ್ಯಾಲೆಯೆಂದು ಭಾವಿಸದಂತೆ ನೋಡಿಕೊಳ್ಳಬೇಕು. ಬ್ರೇಕನ್ನು ಸರಿಪಡಿಸಿದ ಮೇಲೆ ಅಂಗಳದಲ್ಲಿಯೇ ನಿಧಾನವಾಗಿ ತುಳಿದು ಪರೀಕ್ಷಿಸದೆ ರಸ್ತೆಗೆ ಇಳಿಯಬಾರದು. ಫೋರ್ಕಿನಲ್ಲಿಯೋ ಚೌಕಟ್ಟಿನಲ್ಲಿಯೋ ಬಿರುಕು ಕಂಡರೆ ಅದು ಅನುಭವಿಯ ಕೆಲಸ. ಅದನ್ನು ಅಂಗಡಿಗೇ ಒಯ್ಯಬೇಕು. ತನ್ನ ಕೈಲಾದುದನ್ನು ಮಾಡುವುದು ಎಷ್ಟು ಮುಖ್ಯವೋ, ಕೈಲಾಗದುದನ್ನು ಗುರುತಿಸುವುದೂ ಅಷ್ಟೇ ಮುಖ್ಯ.

ಇಂಥ ಕೆಲಸವನ್ನು ಕೀಳೆಂದು ಭಾವಿಸುವವರಿದ್ದಾರೆ. ಅವರು ರೈಟ್ ಸೋದರರನ್ನು ನೆನೆಯಬೇಕು. ವಿಲ್ಬರ್ ಮತ್ತು ಆರ್ವಿಲ್ ರೈಟ್ ಅಮೆರಿಕದ ಡೇಟನ್ ನಗರದಲ್ಲಿ 1892ರಲ್ಲಿ ಬೈಸಿಕಲ್ ಅಂಗಡಿ ತೆರೆದು, ಮಾರಾಟದೊಡನೆ ರಿಪೇರಿಯನ್ನೂ ಮಾಡುತ್ತಿದ್ದರು. ಮುಂದೆ ತಾವೇ ಬೈಸಿಕಲ್ಲುಗಳನ್ನು ತಯಾರಿಸಿದರು. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1901ರಲ್ಲಿ ಅವರು ಬೈಸಿಕಲ್ಲಿನ ಹ್ಯಾಂಡಲಿನ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಲಾಗಿ, ಮುಕ್ತವಾಗಿ ತಿರುಗುವಂತೆ ಅಳವಡಿಸಿದರು. ಅದರ ಅಂಚಿಗೆ ರೆಕ್ಕೆಯ ಸಣ್ಣ ಮಾದರಿಯೊಂದನ್ನು, ಸಮತಲವಾದ ಫಲಕವೊಂದನ್ನು ಜೋಡಿಸಿ, ಬೈಸಿಕಲ್ಲನ್ನು ವೇಗವಾಗಿ ತುಳಿಯುತ್ತ ಗಾಳಿಯು ಅವುಗಳ ಮೇಲೆ ಎಷ್ಟು ಬಲ ಬೀರುತ್ತದೆಂದು ಹೋಲಿಸಿ ನೋಡಿದರು. ಅದುವರೆಗೆ ಎಲ್ಲರೂ ನಂಬಿದ್ದ ಲೆಕ್ಕಗಳು ಸರಿಯಿಲ್ಲವೆಂಬ ಅವರ ಸಂಶಯವನ್ನು ಆ ಚಕ್ರ ಬಲಪಡಿಸಿತು. 1903ರ ಡಿಸೆಂಬರ್ 17ರಂದು ಅವರ ವಿಮಾನವು 12 ಸೆಕೆಂಡುಗಳ ಕಾಲ ಗಾಳಿಯಲ್ಲಿ ಹಾರಿತು. ಅದರ ಪ್ರೊಪೆಲರುಗಳನ್ನು ತಿರುಗಿಸಿದ್ದೂ ಬೈಸಿಕಲ್ಲಿನಲ್ಲಿರುವಂಥ ಚೈನು ಮತ್ತು ಹಲ್ಲುಚಕ್ರಗಳೇ. ಚಕ್ರ ಹೇಳುವುದನ್ನು ಕೇಳಿಸಿಕೊಳ್ಳುವ ಅಭ್ಯಾಸ ಅವರಿಗೆ ರಿಪೇರಿಯ ಅಂಗಡಿಯಲ್ಲಿ ಬಂದದ್ದು.

ಇದು ಗಂಡುಮಕ್ಕಳಿಗೆ ಮಾತ್ರ ಮೀಸಲಾದ ಕೆಲಸವೆಂಬ ಭಾವನೆಯೂ ಸಲ್ಲದು. ನೆರೆಯ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಸಾಕ್ಷರತಾ ಚಳವಳಿಯ ಅಂಗವಾಗಿ, ಸಾವಿರಾರು ಗ್ರಾಮೀಣ ಮಹಿಳೆಯರು ಬೈಸಿಕಲ್ ಸವಾರಿಯನ್ನು ಕಲಿತರು. ಮೊದಲು ನಕ್ಕವರೇ ಅನಂತರ ಅದನ್ನು ಸಹಜವೆಂದು ಒಪ್ಪಿದರು. ಸವಾರಿಯಿಂದ ಬಂದ ಸ್ವಾತಂತ್ರ್ಯ ಉಳಿಯಬೇಕಾದರೆ ಸ್ಪ್ಯಾನರೂ ಅದೇ ಕೈಗೆ ಬರಬೇಕು. ಬೈಸಿಕಲ್ಲು ಕೆಟ್ಟಾಗ ಮತ್ತೊಬ್ಬರ ಬಿಡುವಿಗಾಗಿ ಕಾಯಬೇಕಾದ ಹುಡುಗಿಯ ಸ್ವಾತಂತ್ರ್ಯ ಅರ್ಧ ಮಾತ್ರ.

ಮಹಾತ್ಮ ಗಾಂಧಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟಾಗ, ಕೈಯ ಕೆಲಸದ ಮೂಲಕವೇ ಬುದ್ಧಿಯ ಬೆಳವಣಿಗೆಯಾಗಬೇಕೆಂದು ಪ್ರತಿಪಾದಿಸಿದರು. ಆರು ಬೊಂಬುಗಳ ಈ ಸ್ಟ್ಯಾಂಡು ಅದಕ್ಕೆ ಒಂದು ಚಿಕ್ಕ ನಿದರ್ಶನ. ಇದರಲ್ಲಿ ರೇಖಾಗಣಿತವಿದೆ, ಭೌತಶಾಸ್ತ್ರವಿದೆ, ತಾಳ್ಮೆಯ ಪಾಠವಿದೆ. ಶಾಲೆಯ ಆವರಣದ ಮರವೊಂದರ ನೆರಳಿನಲ್ಲಿ ಇಂಥದೊಂದು ಸ್ಟ್ಯಾಂಡನ್ನು ಕಟ್ಟಿ, ಪಕ್ಕದಲ್ಲಿ ಸ್ಪ್ಯಾನರುಗಳ ಪೆಟ್ಟಿಗೆಯನ್ನೂ ಗಾಳಿಯ ಪಂಪನ್ನೂ ಇಟ್ಟರೆ, ವಾರಕ್ಕೊಂದು ಸಂಜೆ ಮಕ್ಕಳು ಪರಸ್ಪರರ ಬೈಸಿಕಲ್ಲುಗಳನ್ನು ಸರಿಪಡಿಸಿಕೊಳ್ಳಬಹುದು. ಊರಿನ ಸೈಕಲ್ ಅಂಗಡಿಯ ಹಿರಿಯರನ್ನು ಒಂದು ದಿನ ಕರೆಸಿ, ಅವರ ಎದುರಿಗೆ ಶಿಷ್ಯರಂತೆ ಕುಳಿತು ಕಲಿಯಬಹುದು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಿದೆ. ಚೈನಿನ ಎಣ್ಣೆಯಿಂದ ಕಪ್ಪಾದ ಕೈಗೆ ಮೊಸರು ದೊರೆಯದಿರಬಹುದು. ಮರುದಿನ ಬೆಳಗ್ಗೆ ಗಂಟೆ ಬಾರಿಸುವ ಮುನ್ನವೇ ಶಾಲೆಯ ಬಾಗಿಲನ್ನು ತಲುಪುವ ಭರವಸೆಯಂತೂ ದೊರೆಯುತ್ತದೆ.